ಫಕೀರಪ್ಪ ಕಾಕಾನ ಚಪ್ಪಲಿ

ನಮ್ಮ ಕಾಲೇಜಿನ ಗ್ರಂಥಾಲಯದ ನೆಲಕ್ಕೆ ಪಾದಗಳಷ್ಟೇ ಗೊತ್ತು. ಕೊನೆಯ ಪಾದ ಹೊರಬಿದ್ದೊಡನೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಪುಸ್ತಕಗಳಿಗೆ ಹುಳು ಬೀಳದಂತೆ ಗೋಡೆಗಳು ಒಳಗಿನ ಗಾಳಿಯನ್ನೆಲ್ಲ ಹೀರಿಬಿಡುತ್ತವೆ. ನನ್ನ ಗಾಲಿಕುರ್ಚಿ ಆ ನೆಲದ ಲೆಕ್ಕಕ್ಕಿಲ್ಲ. ಅದನ್ನೂ ಲೆಕ್ಕಕ್ಕೆ ಸೇರಿಸಿ ಎಂದು ಅರ್ಜಿ ಕೊಟ್ಟು ಮೂರು ವರ್ಷವಾಯಿತು. ಅದಕ್ಕೇ ಜವಾನ ಫಕೀರಪ್ಪ ಕಾಕಾ ಚಹಾಕ್ಕೆ ಹೋಗುವಾಗ ಚಪ್ಪಲಿಗಳನ್ನು ಒಳಗೇ ಬಿಟ್ಟು ಬರಿಗಾಲಲ್ಲಿ ಹೋಗುತ್ತಾರೆ. ನೆಲ ಅವನ್ನೇ ಪಾದಗಳೆಂದು ನಂಬುತ್ತದೆ.

"ಓದ್ಕೋತ ಕೂಡು ತಂಗಿ, ಚಪ್ಲಿ ಇಲ್ಲೇ ಅದಾವ" ಎಂದು ಇವತ್ತೂ ಹೋದರು.

ಆಮೇಲೆ ಒಳಗೆ ಉಳಿದಿದ್ದವರು ಹೊಸದಾಗಿ ಬಂದ ಮೇಡಂ ಮತ್ತು ನಾನು. ಮೇಡಂ ಹೊರಟವರು ಬಾಗಿಲಲ್ಲಿ ನಿಂತರು. "ಸರಸ್ವತಿ ಇರೋ ಜಾಗದಾಗ ಚಪ್ಲಿ ಬಿಡತಾರೇನು?" ಎಂದು ಗೊಣಗಿ, ಎರಡನ್ನೂ ಹೊರಗಿಟ್ಟು ನಡೆದರು.

ನಾನು ಕಪಾಟುಗಳ ಹಿಂದಿನಿಂದ ಕೂಗುವಷ್ಟರಲ್ಲಿ ಬಾಗಿಲು ಮುಚ್ಚಿತು.

ಮೇಜಿನ ಮೇಲಿನ ಹಾಳೆಗಳು ಒಂದೊಂದಾಗಿ ಗೋಡೆಯ ಕಡೆಗೆ ಸರಿಯುತ್ತಿವೆ.