ಬ್ರಷ್ ಒರೆಸುವ ಹಲಗೆ

ಮೂರನೆಯ ಚಿತ್ರದ ಮುಂದೆ ರಮಜಾನಸಾಬ ಗಕ್ಕನೆ ನಿಂತ. ಅಂಗಡಿಗಳಿಗೆ ಬೋರ್ಡು ಬರೆಯುವಾಗ ಅವನು ಬ್ರಷ್ ಒರೆಸುತ್ತಿದ್ದ ಹಲಗೆಯೇ ಅದು. ಅಂಚಿನಲ್ಲಿ ಅವನದೇ ಹೆಬ್ಬೆರಳಿನ ಕೆಂಪು ಗುರುತು. ಸರಕಾರಿ ಗ್ಯಾಲರಿ ನರಗುಂದಕ್ಕೆ ಕಳಿಸಿದ್ದ ಅಮೂರ್ತ ಚಿತ್ರಗಳ ಸಾಲಿನಲ್ಲಿ ಅದು ಗಾಜು ಹಾಕಿಸಿಕೊಂಡು ಕೂತಿತ್ತು. ಕೆಳಗೆ ‘ಅಂತರಂಗ’ ಎಂಬ ಚೀಟಿ. ಕಲಾವಿದ, ಸಾಬನದೇ ಹಳೆಯ ಶಿಷ್ಯ ವಿಜಯೇಂದ್ರ.

“ಇದಕ್ಕ ಮೂರು ವರ್ಷ ಧ್ಯಾನ ಮಾಡೇನ್ರಿ,” ಎಂದು ಜನರಿಗೆ ಹೇಳುತ್ತಿದ್ದ ವಿಜಯೇಂದ್ರ, ಸಾಬನನ್ನು ಕಂಡು ಬಾಯಿ ಮುಚ್ಚಿದ.

“ಅಬ್ಬಾ, ಇದು ನಿನ್ನ ಹಲಿಗಿ ಅಂತ ಹೇಳು. ನಿನ್ನ ಹೆಸರು ಹಾಕಸು!” ಮಗಳು ಸೈರಾಬಾನು ತೋಳು ಜಗ್ಗಿದಳು.

ಸಾಬ ಎಲ್ಲರಿಗೂ ಕೇಳುವಂತೆ ಅಂದ: “ಹುಚ್ಚಿ, ನಾ ಬರದ ಬೋರ್ಡಿಗೆ ನನ್ನ ಹೆಸರು ಹಾಕ್ತೀನಿ. ಬ್ರಷ್ ಒರಸಿದ್ದಕ್ಕ ಇವನ ಹೆಸರ ಚಲೋ ಐತಿ, ಬಿಡು.”