ಒರೆಸದ ಹರಳೆಣ್ಣೆ

ಕಾರಿನ ಸೀಟಿಗೆ ಹಚ್ಚುವ ಮುಲಾಮಿನ ಡಬ್ಬಿ ತೆರೆದರೆ ನನಗೆ ಈಗಲೂ ಹರಳೆಣ್ಣೆಯ ವಾಸನೆಯೇ ಬರುತ್ತದೆ.

ಕಿಕ್ಕೇರಿಯಲ್ಲಿ ಆಗ ಇದ್ದದ್ದು ಒಂದೇ ಕಾರು, ಅಕ್ಕಿ ಗಿರಣಿ ಸಾಹುಕಾರನದು. ಅಜ್ಜಿಯ ಮಗಳು, ನಮ್ಮತ್ತೆಗೆ ಹೆರಿಗೆ ನೋವು ಬಂದ ದಿನ ಅಜ್ಜಿ ಅವನ ಕಾಲು ಹಿಡಿದು ಕಾರು ಕೇಳಿದ್ದಳು. "ತೊಗಲಿನ ಸೀಟು ಕಣೇ, ಕೊಳೆ ಆಯ್ತದೆ," ಅಂದಿದ್ದ. ಅತ್ತೆಯನ್ನು ಎತ್ತಿನ ಗಾಡಿಯಲ್ಲಿ ಸಾಗಿಸಿದರು. ಕೂಸು ದಾರಿಯಲ್ಲೇ ಹೋಯಿತು.

ತಿಂಗಳು ಕಳೆದು ಒಂದು ಮಧ್ಯಾಹ್ನ ಅದೇ ಕಾರು ನಮ್ಮ ಬಾಗಿಲಿಗೆ ಬಂತು. ಮಗಳ ವೀಳ್ಯಶಾಸ್ತ್ರಕ್ಕೆ ನಾಗಮಂಗಲಕ್ಕೆ ಹೊರಟಿದ್ದ ಸಾಹುಕಾರ ಬಿಳಿ ರೇಷ್ಮೆ ಪಂಚೆ ಉಟ್ಟಿದ್ದ.

"ಸೀಟು ಬಿರೀತಾ ಅದೆ. ಸೋಪಿನ ನೀರಲ್ಲಿ ಒರೆಸು ಅಂತಾನೆ ಒಬ್ಬ, ಮೈಸೂರಿಂದ ಪಾಲೀಸು ತರ್ಸು ಅಂತಾನೆ ಇನ್ನೊಬ್ಬ. ನೀನೇನಂತೀಯೆ?"

ಎತ್ತಿನ ಮಿಣಿಯಿರಲಿ, ಚಪ್ಪಲಿಯಿರಲಿ, ಊರಿನ ತೊಗಲಿಗೆಲ್ಲ ಅಜ್ಜಿ ಕಾಸಿದ ಹರಳೆಣ್ಣೆಯೇ ಆಗಬೇಕಿತ್ತು.

"ಅವೆಲ್ಲ ಯಾಕೆ ಬುಡಿ ಬುದ್ಧಿ," ಅಂದಳು ಅಜ್ಜಿ.

ಎಣ್ಣೆ ಸವರಿದ ಮೇಲೆ ಬೂದಿ ಉದುರಿಸಿ, ಕೈಗೆ ಜಿಡ್ಡು ಹತ್ತದ ಹಾಗೆ ಹಳೇ ಬಟ್ಟೆಯಲ್ಲಿ ಒರೆಸುವವಳು ಅವಳು. ಅಂದು ಕುಡಿಕೆ ಪೂರ್ತಿ ಬಳಿದಳು, ಬೂದಿ ಮುಟ್ಟಲಿಲ್ಲ.

"ಕೂತ್ಕಂಡು ನೋಡಿ, ಬೆಣ್ಣೆ ಇದ್ದಂಗದೆ."

ಸಾಹುಕಾರ ಕೂತ, ಹಿಂದಕ್ಕೊರಗಿದ, ಖುಷಿಯಾಗಿ ಇಳಿದು ಹೂವಿನ ಹಾರ ತರಲು ಬೀದಿಗೆ ನಡೆದ. ಸೊಂಟದಿಂದ ಮೊಣಕಾಲಿನವರೆಗೆ ಹಿಂದೆಲ್ಲ ರೇಷ್ಮೆ ಎಣ್ಣೆಯನ್ನೂ ಸೀಟಿನ ಕೊಳೆಯನ್ನೂ ಹೀರಿ ಕಪ್ಪಾಗಿತ್ತು. ಜಗಲಿಗಳ ಮೇಲಿದ್ದವರು ನಗತೊಡಗಿದರು.

"ಬಾ ಮಗ, ನೋಡು," ಎಂದು ಅಜ್ಜಿ ಒಳಕ್ಕೆ ಕೂಗಿದಳು.

ತಿಂಗಳಿಂದ ಹೊಸಿಲು ದಾಟದ ಅತ್ತೆ ಬಂದು ನಿಂತಳು. ನೋಡಿದಳು. ನಗಲಿಲ್ಲ.

"ಇನ್ನೊಂದು ಕುಡಿಕೆ ಸುರೀಬೇಕಿತ್ತು ಕಣವ್ವ," ಅಂದಳು.