ವಾರಸುದಾರರಿಲ್ಲದ ಸಮಾಧಿ

ಮಟ್ಟಗೊಳಿಸಿದ ಕೆಂಪು ನೆಲ ಸಮುದ್ರದವರೆಗೂ ಹಾಸಿಕೊಂಡಿತ್ತು. ನಡುವೆ ಕಡಿಯದೆ ಬಿಟ್ಟ ಒಂದೇ ಒಂದು ದಿಬ್ಬ. ಅದರ ಮೇಲೆ ಕುದುರೆಲಾಳದ ಆಕಾರದಲ್ಲಿ ಚೀನೀ ಹೆಂಗಸೊಬ್ಬಳ ಸಮಾಧಿ; ಪಕ್ಕದಲ್ಲಿ ಮರದ ಕಂಬಗಳ ಮೇಲೆ ನಿಂತ ಮಲಯ ಮನೆ. ಸಮಾಧಿಯ ಅಂಗಳದಲ್ಲಿ ಪೊರಕೆಯ ಗೆರೆಗಳು ಇನ್ನೂ ಅಳಿಸಿರಲಿಲ್ಲ. ಸುತ್ತ ಮಣ್ಣು ತೋಡುವ ಯಂತ್ರಗಳು ತಲೆ ತಗ್ಗಿಸಿ ನಿಂತಿದ್ದವು. ಯಾವುದೂ ಅಲುಗಾಡುತ್ತಿರಲಿಲ್ಲ.

ಅಲುಗಾಡದಿರುವುದೇ ಕ್ವೆಕ್‌ನ ಸಂಕಟ. ತನ್ನ ಪುಟ್ಟ ನೆಲ ಸಾಲದೆ ಸಿಂಗಾಪುರದ ಸರ್ಕಾರ ನೆರೆ ದೇಶದ ಬಾತಾಮ್ ದ್ವೀಪದಲ್ಲಿ ಕಟ್ಟಿಸುತ್ತಿದ್ದ ಕೈಗಾರಿಕಾ ನಗರಕ್ಕೆ ಅವನು ಮೇಲ್ವಿಚಾರಕ. ನಾಳೆ ಎರಡೂ ದೇಶಗಳ ಮಂತ್ರಿಗಳು ಬರುವವರಿದ್ದರು. ದಿಬ್ಬ ಉಳಿದರೆ ಮೊದಲ ಕಾರ್ಖಾನೆ ಬೇರೆ ದೇಶದ ಪಾಲು. ಅವನು ಕೆಲಸ ಕಳೆದುಕೊಂಡು ಮನೆಯ ಪಾಲು. ರಕ್ತಸಂಬಂಧಿಯೊಬ್ಬರು ಮೊದಲ ಗುದ್ದಲಿ ಹಾಕದೆ ಯಂತ್ರಗಳ ಚೀನೀ ಚಾಲಕರು ಶಾಪಕ್ಕೆ ಹೆದರಿ ಸಮಾಧಿಯನ್ನು ಮುಟ್ಟರು. ಪತ್ರಿಕೆಗಳಲ್ಲಿ ಪ್ರಕಟಣೆ ಕೊಟ್ಟರೂ ಯಾರೂ ಬಂದಿರಲಿಲ್ಲ. ದಿಕ್ಕುಗಾಣದೆ ಕ್ವೆಕ್ ಬಂದರಿನ ಮೀನು ವ್ಯಾಪಾರಿಯೊಬ್ಬನ ಕೈಗೆ ಗುದ್ದಲಿ ಕೊಟ್ಟು, ಸತ್ತವಳ ಮೊಮ್ಮಗನೆಂದು ಕರೆತಂದಿದ್ದ.

ಸಮಾಧಿಗೆ ದಾರಿ ಆ ಮಲಯ ಮನೆಯ ಒಡತಿ ರೊಕಿಯಾಳ ಅಂಗಳದ ಮೂಲಕವೇ ಹಾದುಹೋಗುತ್ತಿತ್ತು. ಮುದುಕಿ ಇಬ್ಬರನ್ನೂ ಒಳಗೆ ಕರೆದು ಕಾಫಿ ಇಟ್ಟಳು.

“ಮೊಮ್ಮಗನಾ? ಅವಳಿಗೆ ಮೊಮ್ಮಕ್ಕಳೇ ಹುಟ್ಲಿಲ್ವಲ್ಲ. ಸಿಂಗಾಪುರದಲ್ಲಿ ಮೊಮ್ಮಕ್ಕಳೂ ಬಾಡಿಗೆಗೆ ಸಿಗ್ತಾರಾ, ಸಾಹೇಬ್ರೆ?”

ಮೀನು ವ್ಯಾಪಾರಿ ಲೋಟ ಮುಟ್ಟಲಿಲ್ಲ. “ಬದುಕಿರೋರ ಹತ್ರ ದಿನಾ ಸುಳ್ಳು ಹೇಳ್ತೀನಿ. ಸತ್ತವರ ಹತ್ರ ನನ್ನ ಕೈಲಾಗಲ್ಲ,” ಎಂದು ಗುದ್ದಲಿಯನ್ನು ಗೋಡೆಗೊರಗಿಸಿ ಮೆಟ್ಟಿಲಿಳಿದ.

ಕ್ವೆಕ್ ಕಾಫಿ ಲೋಟವನ್ನು ಪಕ್ಕಕ್ಕೆ ಸರಿಸಿದ. “ಅಮ್ಮಾ, ಹೆಚ್ಚಿನ ಪರಿಹಾರ ಬೇಕಿದ್ರೆ ಬಾಯಿಬಿಟ್ಟು ಹೇಳಿ.”

“ನಾನು ಕೇಳಿದ್ನಾ?”

“ಊರೆಲ್ಲ ಖಾಲಿಯಾಯ್ತು. ನೀವೊಬ್ರೇ ಯಾಕೆ ಕೂತಿದ್ದೀರಿ?”

“ನಾನು ಹೋದ್ರೆ ಅವಳು ಒಬ್ಬಳೇ ಆಗ್ತಾಳೆ.”

“ಚೀನೀ ಹೆಂಗಸಿನ ಗೋರಿ. ನಿಮಗೇನಾಗ್ಬೇಕು?”

“ನೆರೆಮನೆಯವಳು.”

ಅವನು ಎದ್ದು ಗುದ್ದಲಿ ಹಿಡಿದ. “ಹಾಗಾದ್ರೆ ನಾನೇ ಅಗಿತೀನಿ. ಶಾಪ ತಟ್ಟಿದ್ರೆ ತಟ್ಟಲಿ.”

“ಮಕ್ಕಳಿದಾರಾ ನಿಂಗೆ?”

“ಒಬ್ಬಳು. ಇನ್ನೂ ಮಾತು ಬಂದಿಲ್ಲ.”

ರೊಕಿಯಾ ಗುದ್ದಲಿಯನ್ನು ಅವನ ಕೈಯಿಂದ ಬಿಡಿಸಿಕೊಂಡಳು. “ಎಲ್ಲಿಗೆ ಒಯ್ತೀರಿ ಅವಳನ್ನ?”

“ಸಮುದ್ರ ಕಾಣೋ ಕಡೆ. ಮಾತು ಕೊಡ್ತೀನಿ. ಆದ್ರೆ ಅಮ್ಮಾ, ರಕ್ತಸಂಬಂಧ ಇಲ್ದೆ ಚಾಲಕರು ಒಪ್ಪಲ್ಲ.”

ಅವಳು ತಲೆಯ ಬಟ್ಟೆ ಸರಿಪಡಿಸಿಕೊಂಡಳು. “ನಾನು ಹುಟ್ಟಿದ್ದು ನಿಮ್ಮ ಪಂಚಾಂಗದ ಹುಲಿಯ ವರ್ಷದಲ್ಲಂತೆ. ಆ ವರ್ಷದ ಹೆಣ್ಣು ಮನೆಗೆ ಆಗಿಬರಲ್ಲ ಅಂತ ನಿಮ್ಮ ಚೀನೀಯರು ಕೂಸನ್ನ ನಮ್ಮ ಮಲಯದವರಿಗೆ ಕೊಟ್ಬಿಡ್ತಿದ್ರು. ಎಲ್ಲರೂ ಕಣ್ಣಿಗೆ ಕಾಣದಷ್ಟು ದೂರ ಕೊಟ್ರು. ನನ್ನ ಹೆತ್ತವಳು ಮಾತ್ರ ಪಕ್ಕದ ಮನೆಗೇ ಕೊಟ್ಟಳು.”

ಗುದ್ದಲಿ ಹಿಡಿದು ಸಮಾಧಿಯತ್ತ ಹೊರನಡೆದ ಅವಳ ಹಿಂದೆ ಬಾಗಿಲು ಮುಚ್ಚಿಕೊಂಡಿತು.